ಬೋರ್ಡಿನ ಅಂಗಡಿಗೆ ಎಂತಹ ಕಂಪ್ಯೂಟರ್ ವ್ಯವಸ್ಥೆ ಬೇಕು?



ಓದು ಮುಗಿಸಿದ ನಿಮ್ಮ ಮಗನೋ ಮಗಳೋ ಹೋಬಳಿಯ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಹಿಡಿದು, ಬೋರ್ಡು ಮತ್ತು ಸ್ಟಿಕರು ಮಾಡುವ ಅಂಗಡಿ ಇಡುತ್ತೇನೆ ಎಂದು ಕೇಳುತ್ತಿರಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಗೊಬ್ಬರದ ಅಂಗಡಿ, ಹಾಲಿನ ಸಂಘ, ಶಾಲೆ, ಟ್ರ್ಯಾಕ್ಟರು, ಆಟೋ ಇವೆಲ್ಲಕ್ಕೂ ಹೆಸರು ಬರೆಯಿಸುವವರು ಇದ್ದೇ ಇರುತ್ತಾರೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು. ಕನ್ನಡವನ್ನು ತಪ್ಪಿಲ್ಲದೆ, ಅಂದವಾಗಿ ಮಾಡಿಕೊಡುವವನಿಗೆ ಇದರಿಂದ ಕೆಲಸ ಹೆಚ್ಚಿದೆ.

ಆದರೆ ಬಂಡವಾಳ ಹಾಕುವವರು ನೀವು. ಎಮ್ಮೆ ಮಾರಿದ ಹಣವೋ, ಸೊಸೈಟಿಯ ಸಾಲವೋ ಅದರಲ್ಲಿ ಕೂಡಿರುತ್ತದೆ. ಕಂಪ್ಯೂಟರಿನ ವಿಷಯ ನಮಗೆ ತಿಳಿಯದು, ಹುಡುಗ ಹೇಳಿದ್ದೇ ಸರಿ ಎಂದು ಬಿಟ್ಟುಬಿಡಬೇಡಿ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಹಾಗೆ ಇಲ್ಲಿಯೂ ನೋಡತಕ್ಕ ಗುರುತುಗಳು ಕೆಲವಿವೆ.

ಮೊದಲು ಈ "ಆಪರೇಟಿಂಗ್ ಸಿಸ್ಟಂ" ಎಂದರೇನು ಎಂಬುದನ್ನು ತಿಳಿಯೋಣ. ಕೆರೆಯ ಕೆಳಗೆ ಗದ್ದೆಯಿರುವ ಊರುಗಳಲ್ಲಿ ನೀರಗಂಟಿಯನ್ನು ನೀವು ಬಲ್ಲಿರಿ. ಕೆರೆ ಒಂದೇ, ಗದ್ದೆಗಳು ಹಲವು. ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವವನು ಅವನು. ಅವನು ಬೆಳೆ ಬೆಳೆಯುವುದಿಲ್ಲ, ಆದರೆ ಅವನಿಲ್ಲದೆ ಬೆಳೆಯಿಲ್ಲ. ಕಂಪ್ಯೂಟರಿನ ಒಳಗೂ ಹೀಗೆಯೇ. ಅದರ ಲೆಕ್ಕ ಮಾಡುವ ಶಕ್ತಿ, ನೆನಪಿನ ಜಾಗ, ಅದಕ್ಕೆ ಜೋಡಿಸಿದ ಪ್ರಿಂಟರು, ಕಟರು ಇವೆಲ್ಲವನ್ನೂ ಬೇರೆ ಬೇರೆ ಪ್ರೋಗ್ರಾಮುಗಳಿಗೆ ಹಂಚಿಕೊಡುವ ನೀರಗಂಟಿಯೇ ಆಪರೇಟಿಂಗ್ ಸಿಸ್ಟಂ. ಬೋರ್ಡಿನ ಚಿತ್ರ ತೆಗೆಯುವ ಪ್ರೋಗ್ರಾಮು ಬೇರೆ. ಅದು ಗದ್ದೆ ಇದ್ದಂತೆ. ಇಂದು ಮುಖ್ಯವಾಗಿ ಮೂರು ಜಾತಿಯ ನೀರಗಂಟಿಗಳಿವೆ: ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್, ಆಪಲ್ ಕಂಪನಿಯ ಮ್ಯಾಕ್, ಮತ್ತು ಯಾರೂ ಹಣ ಕೊಡದೆ ಹಾಕಿಕೊಳ್ಳಬಹುದಾದ ಲಿನಕ್ಸ್.

ಇದರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಯಿಂದಲೇ ಹೆಚ್ಚಿನವರು ಆರಂಭಿಸುತ್ತಾರೆ. ಅದು ಹಿಂದುಮುಂದಾದ ಕ್ರಮ. ಮೊದಲು ಯಾವ ಕೆಲಸ ಎಂಬುದು ನಿಶ್ಚಯವಾಗಬೇಕು. ಆ ಕೆಲಸಕ್ಕೆ ಯಾವ ಯಂತ್ರ, ಆ ಯಂತ್ರವನ್ನು ನಡೆಸುವ ಪ್ರೋಗ್ರಾಮು ಯಾವುದು ಎಂಬುದು ಆಮೇಲೆ. ಆ ಪ್ರೋಗ್ರಾಮು ಯಾವ ವ್ಯವಸ್ಥೆಯ ಮೇಲೆ ನಡೆಯುತ್ತದೆಯೋ ಅದನ್ನೇ ಕೊನೆಯಲ್ಲಿ ಆರಿಸಬೇಕು.

ಬೋರ್ಡಿನ ಅಂಗಡಿಯಲ್ಲಿ ಎರಡು ಬಗೆಯ ಯಂತ್ರಗಳುಂಟು. ಒಂದು, ಸ್ಟಿಕರ್ ಕತ್ತರಿಸುವ ಕಟಿಂಗ್ ಪ್ಲಾಟರು. ಸಣ್ಣ ಅಂಗಡಿಗೆ 2 ಅಡಿ ಅಗಲದ್ದು ಸಾಕು. ಇದರಲ್ಲಿ ಶಾಯಿಯಿಲ್ಲ, ಸಣ್ಣದೊಂದು ಚಾಕು ಇದೆ. ಬಣ್ಣದ ವಿನೈಲ್ ಹಾಳೆಯ ಮೇಲೆ ಅದು ಅಕ್ಷರದ ಅಂಚನ್ನು ಕೊಯ್ಯುತ್ತದೆ. ಬೇಡದ ಭಾಗವನ್ನು ಕಿತ್ತು, ಉಳಿದದ್ದನ್ನು ತಗಡಿಗೋ ಗಾಜಿಗೋ ಅಂಟಿಸಬೇಕು. ಎರಡನೆಯದು, ಫ್ಲೆಕ್ಸ್ ಮುದ್ರಿಸುವ ದೊಡ್ಡ ಯಂತ್ರ. ಇದಕ್ಕೆ ಬಂಡವಾಳ ಬಹಳ ಬೇಕು. ಅಲ್ಲದೆ ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರುಗಳನ್ನು ನಿಷೇಧಿಸಿ ನಮ್ಮ ರಾಜ್ಯ ಸರ್ಕಾರವು 2016ರಲ್ಲಿ ಆಜ್ಞೆ ಹೊರಡಿಸಿತು. 100 ಮೈಕ್ರಾನಿಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳಿಗೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂದಿದೆ. ಆದ್ದರಿಂದ ಹೊಸದಾಗಿ ಅಂಗಡಿ ಇಡುವವರು ಕಟರಿನಿಂದ ಆರಂಭಿಸಿ, ಬಣ್ಣದ ಮುದ್ರಣವನ್ನು ಜಿಲ್ಲಾ ಕೇಂದ್ರದಲ್ಲಿ ಮಾಡಿಸಿಕೊಂಡು ಬರುವುದೇ ಲೇಸೆಂದು ನನ್ನ ಅಭಿಪ್ರಾಯ.

ಕಟರಿಗೆ ಕಂಪ್ಯೂಟರು ಏನು ಹೇಳುತ್ತದೆ ಎಂಬುದು ಸ್ವಾರಸ್ಯವಾಗಿದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯವರು 1970ರ ದಶಕದಲ್ಲಿ ತಮ್ಮ ನಕ್ಷೆ ಬರೆಯುವ ಯಂತ್ರಗಳಿಗಾಗಿ ಒಂದು ಸರಳ ಭಾಷೆ ಮಾಡಿದರು. ಅದರ ಹೆಸರು ಎಚ್.ಪಿ.ಜಿ.ಎಲ್. ಅದರಲ್ಲಿ "ಪಿ.ಯು." ಎಂದರೆ ಲೇಖನಿ ಮೇಲಕ್ಕೆ, "ಪಿ.ಡಿ." ಎಂದರೆ ಲೇಖನಿ ಕೆಳಕ್ಕೆ, ಮುಂದೆ ಎಷ್ಟು ಅಡ್ಡ ಎಷ್ಟು ಉದ್ದ ಎಂಬ ಅಂಕಿಗಳು. ಒಂದು ಸೆಂಟಿಮೀಟರಿಗೆ 400 ಹೆಜ್ಜೆ. ಕಟರಿನಲ್ಲಿ ಲೇಖನಿಯ ಜಾಗಕ್ಕೆ ಚಾಕು ಬಂದಿದೆ, ಅಷ್ಟೇ. ನೇಗಿಲನ್ನು ಎತ್ತಿ ಸಾಲು ತಿರುಗಿಸಿ ಮತ್ತೆ ಊರುವ ಹಾಗೆ. ಇಂದಿನ ಅನೇಕ ಕಟರುಗಳು ಈ ಹಳೆಯ ಭಾಷೆಯನ್ನೇ ಈಗಲೂ ತಿಳಿಯುತ್ತವೆ. ಅಂತಹ ಕಟರನ್ನು ವಿಂಡೋಸಿನಿಂದಲೂ ನಡೆಸಬಹುದು, ಲಿನಕ್ಸಿನಿಂದಲೂ ನಡೆಸಬಹುದು. ಆದುದರಿಂದ ಕಟರು ಕೊಳ್ಳುವಾಗ "ಇದು ಎಚ್.ಪಿ.ಜಿ.ಎಲ್. ತಿಳಿಯುತ್ತದೆಯೇ?" ಎಂದು ಮಾರುವವನನ್ನು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ. ತನ್ನದೇ ಪ್ರೋಗ್ರಾಮು ಬಿಟ್ಟು ಬೇರೆ ಯಾವುದಕ್ಕೂ ಒಗ್ಗದ ಕಟರಾದರೆ, ಆ ಪ್ರೋಗ್ರಾಮು ಹಳತಾದ ದಿನ ಯಂತ್ರವೂ ಮೂಲೆಗೆ ಬೀಳುತ್ತದೆ.

ಫ್ಲೆಕ್ಸ್ ಯಂತ್ರದ ಮಾತು ಬೇರೆ. ಚಿತ್ರವನ್ನು ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಈ ನಾಲ್ಕು ಶಾಯಿಗಳ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದುಕೊಡುವ ಇನ್ನೊಂದು ಪ್ರೋಗ್ರಾಮು ಅದಕ್ಕೆ ಬೇಕು. ಕಸುಬಿನವರು ಅದನ್ನು "ರಿಪ್" ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲು ವಿಂಡೋಸಿಗೇ ಮಾಡಿದವು. ಯಂತ್ರದೊಡನೆ ಬರುವ ರಿಪ್ ಯಾವುದೋ ಅದಕ್ಕೆ ತಕ್ಕ ವ್ಯವಸ್ಥೆಯನ್ನೇ ಹಾಕಬೇಕು, ಅಲ್ಲಿ ಆಯ್ಕೆಯ ಪ್ರಶ್ನೆಯೇ ಹೆಚ್ಚು ಉಳಿಯುವುದಿಲ್ಲ.

ಇನ್ನು ಕನ್ನಡದ ವಿಷಯ. ಬಹುಮಂದಿ ನಷ್ಟ ಪಡುವುದು ಇಲ್ಲಿಯೇ, ನಾನೂ ಪಟ್ಟಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಹಾಲಿನ ಸಂಘದ ಸಭೆಗೆಂದು 12 ಅಡಿ ಉದ್ದದ ಫಲಕವನ್ನು ಕಂಪ್ಯೂಟರಿನಲ್ಲಿ ನಾನೇ ಕೂತು ಜೋಡಿಸಿ, ಪೇಟೆಯ ಮುದ್ರಣದವರಿಗೆ ಕಳುಹಿಸಿದೆ. ಸಭೆಯ ಬೆಳಿಗ್ಗೆ ಬಸ್ಸಿನಲ್ಲಿ ಬಂದ ಸುರುಳಿಯನ್ನು ಬಿಚ್ಚಿ ನೋಡಿದರೆ, ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳನ್ನು ಕಾಳು ಚೆಲ್ಲಿದಂತೆ ಚೆಲ್ಲಿತ್ತು. ಹಣ ಹೋಯಿತು, ಸಭೆ ಬೋರ್ಡಿಲ್ಲದೆ ನಡೆಯಿತು. ಅಧ್ಯಕ್ಷರು ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ತಪ್ಪು ಮುದ್ರಿಸಿದವರದಲ್ಲ, ನನ್ನದೇ.

ಕಾರಣ ಹೀಗಿದೆ. ಕನ್ನಡವನ್ನು ಕಂಪ್ಯೂಟರಿನಲ್ಲಿ ಇಡುವ ರೀತಿ ಎರಡು. ಹಳೆಯ ನುಡಿ, ಬರಹ ಮುಂತಾದ ಅಕ್ಷರಮಾದರಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತದೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ, ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ನನ್ನ ಫಲಕಕ್ಕೆ ಆದದ್ದು ಇದೇ. ಎರಡನೆಯ ರೀತಿ ಯೂನಿಕೋಡ್. ಇದರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಆದರೆ "ಕ್ಷ್ಮೀ" ಎಂಬಂತಹ ಒತ್ತಕ್ಷರವನ್ನು ತುಂಡುಗಳಿಂದ ಕೂಡಿಸಿ ರೂಪ ಕೊಡುವ ಕೆಲಸವನ್ನು ಪ್ರೋಗ್ರಾಮು ಮತ್ತು ಫಾಂಟು ಕೂಡಿ ಮಾಡಬೇಕಾಗುತ್ತದೆ. ಚಿತ್ರ ತೆಗೆಯುವ ಹಳೆಯ ಪ್ರೋಗ್ರಾಮುಗಳಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಒತ್ತು ಕೆಳಗೆ ಸೇರದೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಆದ್ದರಿಂದಲೇ ಬೋರ್ಡಿನ ಅಂಗಡಿಗಳು ಹಳೆಯ ರೀತಿಯ ಫಾಂಟುಗಳಿಗೆ ಅಂಟಿಕೊಂಡವು. ಅಂದದ ಅಕ್ಷರಮಾದರಿಗಳೂ ಅವುಗಳಲ್ಲೇ ಹೆಚ್ಚು ಸಿಗುತ್ತಿದ್ದವು.

ಇದಕ್ಕೆ ಪರಿಹಾರ ಸುಲಭ. ಫೈಲನ್ನು ಅಂಗಡಿಯಿಂದ ಹೊರಗೆ ಕಳುಹಿಸುವ ಮುನ್ನ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸಬೇಕು. ಕೋರೆಲ್‌ಡ್ರಾ ಪ್ರೋಗ್ರಾಮಿನಲ್ಲಿ ಇದಕ್ಕೆ "ಕನ್ವರ್ಟ್ ಟು ಕರ್ವ್ಸ್" ಎಂದೂ, ಇಂಕ್‌ಸ್ಕೇಪ್ ಪ್ರೋಗ್ರಾಮಿನಲ್ಲಿ "ಆಬ್ಜೆಕ್ಟ್ ಟು ಪಾತ್" ಎಂದೂ ಹೆಸರು. ಹೀಗೆ ಮಾಡಿದ ಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗುತ್ತದೆ. ಫಾಂಟು ಇರಲಿ ಬಿಡಲಿ, ಎಲ್ಲಿ ತೆರೆದರೂ ಒಂದೇ ತೆರನಾಗಿ ಕಾಣುತ್ತದೆ. ಆದರೆ ತಿದ್ದಲು ಬರುವುದಿಲ್ಲವಾದ್ದರಿಂದ, ಅಕ್ಷರವಿರುವ ಮೂಲ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡಿರಬೇಕು.

ಈಗ ಮೂರು ವ್ಯವಸ್ಥೆಗಳ ಗುಣದೋಷ ನೋಡೋಣ.

ಮ್ಯಾಕ್ ಕಂಪ್ಯೂಟರು ಚೆನ್ನಾಗಿದೆ, ಬೆಲೆಯೂ ಹಾಗೆಯೇ ಇದೆ. ಕೆಟ್ಟರೆ ತಾಲ್ಲೂಕು ಊರಿನಲ್ಲಿ ಕೈಹಾಕುವವರು ಸಿಗುವುದು ಕಷ್ಟ. ಹಳ್ಳಿಯ ಅಂಗಡಿಗೆ ಅದರ ಚರ್ಚೆ ಇಷ್ಟು ಸಾಕು.

ವಿಂಡೋಸಿನ ಬಲವೆಂದರೆ, ನಮ್ಮ ಪೇಟೆಗಳಲ್ಲಿ ಈ ಕಸುಬಿನವರು ಬಳಸುವುದು ಹೆಚ್ಚಾಗಿ ಅದನ್ನೇ. ಕೋರೆಲ್‌ಡ್ರಾ ಅದರ ಮೇಲೆ ನಡೆಯುತ್ತದೆ, ನುಡಿ ಮತ್ತು ಬರಹ ನಡೆಯುತ್ತವೆ, ಕಟರಿನೊಡನೆ ಬರುವ ಪ್ರೋಗ್ರಾಮುಗಳೂ ಸಾಮಾನ್ಯವಾಗಿ ನಡೆಯುತ್ತವೆ. ಹುಡುಗನಿಗೆ ಕೆಲಸ ತಿಳಿಯದಿದ್ದಾಗ ಹೇಳಿಕೊಡುವ ಪಕ್ಕದ ಅಂಗಡಿಯವನೂ ಇದನ್ನೇ ಬಲ್ಲ. ಇದೇನು ಸಣ್ಣ ಲಾಭವಲ್ಲ.

ಆದರೆ ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ಹಳೆಯ ಕಂಪ್ಯೂಟರಿನ ವ್ಯಾಪಾರ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕಂಪನಿಯವರು 2025ರ ಅಕ್ಟೋಬರ್ 14ಕ್ಕೆ ಮುಗಿಸಿದರು. ಅದರ ಮುಂದಿನ ವಿಂಡೋಸ್ 11 ಎಲ್ಲ ಕಂಪ್ಯೂಟರಿಗೂ ಕೂರುವುದಿಲ್ಲ. ಕನಿಷ್ಠ 4 ಜಿ.ಬಿ. ನೆನಪು, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ಕಾವಲು ಚಿಪ್ಪು ಇವೆಲ್ಲ ಬೇಕು. ಇಂಟೆಲ್ ಪ್ರೊಸೆಸರಾದರೆ, ಕೆಲವನ್ನು ಬಿಟ್ಟು, 8ನೆಯ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಪೇಟೆಯ ಕಚೇರಿಗಳಿಂದ ಹೊರಬಿದ್ದ 4ನೆಯ, 6ನೆಯ ತಲೆಮಾರಿನ ಪೆಟ್ಟಿಗೆಗಳು ಅಗ್ಗವಾಗಿ ಸಿಗುತ್ತವೆ. ಅವುಗಳನ್ನು "ವಿಂಡೋಸ್ ಹಾಕಿ ಕೊಡುತ್ತೇವೆ" ಎಂದು ಮಾರಿದರೆ ಸರಿಯಾಗಿ ವಿಚಾರಿಸಿ.

ಎರಡನೆಯದು ಕದ್ದ ಪ್ರತಿ. ವಿಂಡೋಸ್, ಕೋರೆಲ್‌ಡ್ರಾ ಎರಡನ್ನೂ ಪುಕ್ಕಟೆಯಾಗಿ ಹಾಕಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 63ಬಿ ಕಲಮಿನಂತೆ, ತಿಳಿದೂ ಕದ್ದ ಪ್ರೋಗ್ರಾಮು ಬಳಸುವುದು ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. ಕಾನೂನಿನ ಭಯ ಒಂದು ಕಡೆಯಿರಲಿ. ಕದ್ದ ಪ್ರತಿಯೊಡನೆ ಕೆಟ್ಟ ಪ್ರೋಗ್ರಾಮುಗಳೂ ಒಳಗೆ ಬರಬಹುದು, ಮತ್ತು ಇಂತಹವರು ರಿಪೇರಿಯ ಅಪ್‌ಡೇಟುಗಳನ್ನು ನಿಲ್ಲಿಸಿರುವುದೂ ಉಂಟು. 2017ರ ಮೇ 12ರಂದು "ವಾನಾಕ್ರೈ" ಎಂಬ ದುಷ್ಟ ಪ್ರೋಗ್ರಾಮು ಲೋಕದ ಲಕ್ಷಾಂತರ ವಿಂಡೋಸ್ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಅದನ್ನು ತಡೆಯುವ ರಿಪೇರಿಯನ್ನು ಕಂಪನಿಯವರು ಅದೇ ಮಾರ್ಚಿಯಲ್ಲೇ ಕೊಟ್ಟಿದ್ದರು, ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ಐದು ವರ್ಷ ಕೂಡಿಟ್ಟ ಗಿರಾಕಿಗಳ ಫಲಕದ ನಕ್ಷೆಗಳು ಒಂದು ಬೆಳಿಗ್ಗೆ ತೆರೆಯದಿದ್ದರೆ ಅಂಗಡಿಯವನ ಗತಿಯೇನು? ಯಾವ ವ್ಯವಸ್ಥೆಯಾದರೂ ಸರಿ, ಎಲ್ಲ ನಕ್ಷೆಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಮಾಡಿ, ಅದನ್ನು ಕಳಚಿ ಮನೆಯಲ್ಲಿಡಬೇಕು. ಬೀಜದ ರಾಗಿಯನ್ನು ಉಣ್ಣುವ ರಾಗಿಯೊಡನೆ ಯಾರೂ ಇಡುವುದಿಲ್ಲವಷ್ಟೆ.

ಲಿನಕ್ಸನ್ನು 1991ರಲ್ಲಿ ಆರಂಭಿಸಿದವರು ಫಿನ್ಲೆಂಡ್ ದೇಶದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ. ಇಂದು ಅದು ಉಬುಂಟು, ಮಿಂಟ್ ಮುಂತಾದ ಹೆಸರುಗಳಲ್ಲಿ ಉಚಿತವಾಗಿ ದೊರೆಯುತ್ತದೆ. 2024ರಲ್ಲಿ ಹೊರಬಂದ ಉಬುಂಟು 24.04 ಆವೃತ್ತಿಗೆ 2029ರವರೆಗೆ ರಿಪೇರಿಗಳು ಉಚಿತ. ವಿಂಡೋಸ್ 11 ಹಿಡಿಸದ ಹಳೆಯ ಪೆಟ್ಟಿಗೆಯಲ್ಲಿಯೂ ಲಿನಕ್ಸ್ ಸಾಮಾನ್ಯವಾಗಿ ನಡೆಯುತ್ತದೆ. ಚಿತ್ರ ತೆಗೆಯಲು 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ಇದೆ, ಅದೂ ಉಚಿತ. ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಅದು ಸರಿಯಾಗಿ ಕೂಡಿಸುತ್ತದೆ. ಎಚ್.ಪಿ.ಜಿ.ಎಲ್. ಕಟರಿಗೆ ನೇರವಾಗಿ ಕಳುಹಿಸುವ ಏರ್ಪಾಡೂ ಅದರಲ್ಲಿದೆ. ನುಡಿಯ ಕೀಲಿಮಣೆಯ ಕ್ರಮದಲ್ಲೇ ಅಕ್ಷರ ಒತ್ತಬಹುದು. ಇದರ ಕೊರತೆಯೆಂದರೆ, ಕೋರೆಲ್‌ಡ್ರಾ ಇಂದು ಲಿನಕ್ಸಿಗೆ ಇಲ್ಲ. 2000ದಲ್ಲಿ ಒಮ್ಮೆ ಬಂದು ನಿಂತುಹೋಯಿತು. ಗಿರಾಕಿ ತಂದ ಕೋರೆಲ್ ಫೈಲನ್ನು ಇಂಕ್‌ಸ್ಕೇಪ್ ತೆರೆಯಲು ನೋಡುತ್ತದೆ, ಆದರೆ ಎಲ್ಲವೂ ಇದ್ದಂತೆಯೇ ಬರುವ ಭರವಸೆಯಿಲ್ಲ. ಬಣ್ಣವನ್ನು ಅದು ಮೂಲತಃ ಪರದೆಯ ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲಿ ಹಿಡಿಯುವುದರಿಂದ, ನಾಲ್ಕು ಶಾಯಿಯ ಮುದ್ರಣದಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. ಕತ್ತರಿಸುವ ಕೆಲಸಕ್ಕೆ ಇದು ಬಾಧಕವಿಲ್ಲ.

ಹಾಗಾದರೆ ಏನು ಮಾಡಬೇಕು? ಹೊಸ ಕಂಪ್ಯೂಟರು ಕೊಳ್ಳುವ ಶಕ್ತಿಯಿದ್ದರೆ, ವಿಂಡೋಸ್ 11 ಅಸಲಿಯಾಗಿ ಸೇರಿರುವುದನ್ನೇ ಕೊಳ್ಳಿ. ಅದರ ಮೇಲೆ ಮೊದಲು ಇಂಕ್‌ಸ್ಕೇಪ್ ಹಾಕಿಸಿ. ಅದು ವಿಂಡೋಸಿನಲ್ಲಿಯೂ ನಡೆಯುತ್ತದೆ. ಕೆಲಸ ಹೆಚ್ಚಿ, ಕೋರೆಲ್ ಫೈಲು ತರುವ ಗಿರಾಕಿಗಳು ಬಂದ ಮೇಲೆ ಕೋರೆಲ್‌ಡ್ರಾ ಕೊಂಡರಾಯಿತು. ಮನೆಯಲ್ಲಿ ಆಗಲೇ ಹಳೆಯ ಕಂಪ್ಯೂಟರಿದ್ದು, ಕಟರು ಮಾತ್ರ ಕೊಳ್ಳುವ ಯೋಚನೆಯಿದ್ದರೆ, ಲಿನಕ್ಸ್ ಹಾಕಿ ಒಂದು ವರ್ಷ ನೋಡಬಹುದು. ಹುಡುಗನಿಗೆ ತಾಳ್ಮೆ ಇರಬೇಕು, ಏಕೆಂದರೆ ಕಟರನ್ನು ಮೊದಲ ಸಲ ಮಾತನಾಡಿಸುವುದಕ್ಕೆ ಒಂದೆರಡು ದಿನ ಹಿಡಿಯಬಹುದು.

ಹಣ ಕೊಡುವ ದಿನ ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಒಂದು ಚೀಟಿಯಲ್ಲಿ "ಶ್ರೀ ಲಕ್ಷ್ಮೀ ವೆಂಕಟೇಶ್ವರ ರಸಗೊಬ್ಬರ ಮತ್ತು ಕೃಷಿ ಯಂತ್ರೋಪಕರಣ ಮಾರ್ಕೆಟ್" ಎಂದು ಬರೆದುಕೊಂಡು ಹೋಗಿ. ಅದನ್ನು ಅಲ್ಲಿಯೇ ಬೆರಳಚ್ಚು ಮಾಡಿಸಿ, ಗೆರೆಗಳಾಗಿ ಬದಲಾಯಿಸಿ, ನೀವು ಕೊಳ್ಳುವ ಕಟರಿನಿಂದಲೇ ಅಂಗೈಯಗಲದ ವಿನೈಲಿನ ಮೇಲೆ ಕತ್ತರಿಸಿ ತೋರಿಸಲು ಹೇಳಿ. ಕ್ಷ್ಮೀ ಒಡೆಯದೆ, ತ್ರೋ ಪಕ್ಕಕ್ಕೆ ಸರಿಯದೆ, ಮಾರ್ಕೆಟ್ಟಿನ ಅರ್ಕಾವೊತ್ತು ತನ್ನ ಜಾಗದಲ್ಲೇ ಬಂದಿದ್ದರೆ ಬಿಲ್ಲು ಬರೆಯಿಸಿರಿ.