ಕಣ್ಣು ಹಳದಿಯಾಗದ ಕಾಮಾಲೆ

ಕಾಮಾಲೆ ಅಂದರೆ ಕಣ್ಣು ಹಳದಿಯಾಗುವುದು ಅಂತಲೇ ನಾನೂ ತಿಳಿದಿದ್ದೆ. ನಮ್ಮ ಚಿಕ್ಕಮ್ಮ ಬಸುರಿಯಾಗಿದ್ದಾಗ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿ "ಹೆಪಟೈಟಿಸ್ ಬಿ ಇದೆ, ಇದೂ ಒಂದು ಕಾಮಾಲೆಯೇ" ಅಂದರು. ಅಜ್ಜಿ ಒಪ್ಪಲೇ ಇಲ್ಲ. "ಕಣ್ಣು ಬೆಳ್ಳಗಿದೆ, ಹೊಟ್ಟೆ ತುಂಬ ಉಣ್ತಾಳೆ, ಇದೆಂಥ ಕಾಮಾಲೆ?" ಅಂತ ಜಗಳಕ್ಕೇ ನಿಂತಳು. ಇದನ್ನು ಬರೆಯಲಾ ಅಂತ ಚಿಕ್ಕಮ್ಮನನ್ನು ಕೇಳಿದೆ. "ಬರಿ, ನನ್ನ ಹೆಸರು ಊರು ಬೇಡ" ಅಂದಳು. ನನ್ನ ಹೆಸರು ಹಾಕಿದರೆ ಅವಳದೂ ತಿಳಿಯುತ್ತದೆ ಅಂತ ಕೆಳಗೆ ಹೆಸರು ಬರೆದಿಲ್ಲ.

ಕಾಮಾಲೆ ಎಂಬುದು ರೋಗವಲ್ಲ, ರೋಗದ ಗುರುತು. ಬಲಗಡೆ ಪಕ್ಕೆಲುಬಿನ ಕೆಳಗಿರುವ ಪಿತ್ತಜನಕಾಂಗ, ಅಂದರೆ ಲಿವರ್, ಕೆಟ್ಟಾಗ ಹಳದಿ ಬಣ್ಣದ ವಸ್ತು ರಕ್ತದಲ್ಲೇ ಉಳಿದು ಕಣ್ಣಿಗೂ ಮೂತ್ರಕ್ಕೂ ಬರುತ್ತದೆ. ಅದನ್ನು ಕೆಡಿಸುವ ಮುಖ್ಯ ವೈರಸ್‌ಗಳು ಐದು: ಎ, ಬಿ, ಸಿ, ಡಿ, ಇ.

ಎ ಮತ್ತು ಇ ಬರುವುದು ಕೊಳಕು ನೀರು, ಆಹಾರದಿಂದ. 1955-56ರಲ್ಲಿ ದಿಲ್ಲಿಯಲ್ಲಿ ಚರಂಡಿ ನೀರು ಕುಡಿಯುವ ನೀರಿಗೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಗಿತ್ತು. ಇವೆರಡೂ ಹೆಚ್ಚಿನವರಿಗೆ ತಾವಾಗಿಯೇ ವಾಸಿಯಾಗುತ್ತವೆ. ಅದಕ್ಕೇ ಯಾವ ನಾಟಿ ಔಷಧಿ ಕುಡಿಸಿದರೂ ಅದರಿಂದಲೇ ಗುಣವಾಯ್ತು ಅನ್ನಿಸುವುದು! ಬಸುರಿಯರಿಗೆ ಮಾತ್ರ ಇ ಬಹಳ ಅಪಾಯ.

ಬಿ, ಸಿ ಹಾಗಲ್ಲ. ಒಳಗೇ ಕೂತು ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಹಾಳುಮಾಡಬಲ್ಲವು. ಪರೀಕ್ಷೆ ಮಾಡಿಸದೆ ತಿಳಿಯದು. ಇವು ರಕ್ತದಿಂದ ಹರಡುತ್ತವೆ: ಒಬ್ಬರಿಗೆ ಚುಚ್ಚಿದ ಸೂಜಿ, ಕ್ಷೌರದ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ. ಗಂಡ ಹೆಂಡಿರ ನಡುವೆಯೂ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಬರಬಹುದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಬಿ ಹರಡಿತು, ಎಷ್ಟೋ ಜನ ಸತ್ತರು. ಡಿ ಬರುವುದು ಬಿ ಇದ್ದವರಿಗೆ ಮಾತ್ರ.

ಚಿಕ್ಕಮ್ಮನಿಗೆ ಗಂಡನ ಮನೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಡಾಕ್ಟರು ಅವರನ್ನೇ ಕರೆಸಿ, ಒಟ್ಟಿಗೆ ಉಂಡರೆ, ಮುಟ್ಟಿದರೆ ಇದು ಬರುವುದಿಲ್ಲ ಅಂತ ತಿಳಿಸಿ ಹೇಳಿದರು. ನನಗೆ ಎಲ್ಲಾ ಹೇಳಿದ ಚಿಕ್ಕಮ್ಮ ಆ ತಟ್ಟೆಯ ವಿಷಯ ಬಂದಾಗ ಮಾತ್ರ ಅತ್ತಳು.

ನಮ್ಮ ದೇಶದಲ್ಲಿ 2018ರ ಜುಲೈ 28ರಂದು ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಬಿ ವೈರಸ್ಸನ್ನು ಕಂಡುಹಿಡಿದ ಬ್ಲಂಬರ್ಗ್ ಹುಟ್ಟಿದ ದಿನ ಅದು. ಇದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಿ ಬಂದವರಲ್ಲಿ ಬಹುತೇಕರಿಗೆ ಸುಮಾರು 12 ವಾರ ಮಾತ್ರೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ. ಸಿಗೆ ಲಸಿಕೆಯಿಲ್ಲ. ಬಿಗೆ ಲಸಿಕೆಯಿದೆ, ಆದರೆ ಬಂದಮೇಲೆ ಮಾತ್ರೆಯಿಂದ ಹತೋಟಿಯಲ್ಲಿಡಬಹುದು ಅಷ್ಟೇ.

ಹೆರಿಗೆ ಆಸ್ಪತ್ರೆಯಲ್ಲೇ ಆಯ್ತು. ಹುಟ್ಟಿದ 24 ಗಂಟೆಯೊಳಗೆ ಬಿ ಲಸಿಕೆ ಹಾಕಲೇಬೇಕು, ಇಂಥ ತಾಯಿಯ ಮಗುವಿಗೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಬೇರೆ. "ಹಸುಗೂಸಿಗೆ ಸೂಜಿಯಾ? ಹನ್ನೊಂದು ದಿನ ಕಳೀಲಿ" ಅಂದಳು ಅಜ್ಜಿ. ನರ್ಸಮ್ಮ ಕೇಳಲಿಲ್ಲ. ದೊಡ್ಡವರಿಗೆ ಬಿ ತಗುಲಿದರೆ ಹೆಚ್ಚಿನವರ ಮೈ ಅದನ್ನು ಓಡಿಸುತ್ತದೆ. ಹುಟ್ಟುವಾಗಲೇ ತಗುಲಿದರೆ 10 ಮಕ್ಕಳಲ್ಲಿ ಸುಮಾರು 9 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಆಮೇಲೆ 6, 10, 14ನೇ ವಾರದ ಪೆಂಟಾ ಚುಚ್ಚುಮದ್ದಿನಲ್ಲೂ ಬಿ ಲಸಿಕೆ ಸೇರಿದೆ. ಅಷ್ಟನ್ನೂ ಹಾಕಿಸಿದ್ದಾರೆ.

ತಮ್ಮನಿಗೆ ಈಗ ಏಳು ತಿಂಗಳು, ಅಂಬೆಗಾಲಿಡುತ್ತಾನೆ. ವರ್ಷ ತುಂಬಿದಾಗ ಅವನ ರಕ್ತ ಪರೀಕ್ಷೆ. ಅಜ್ಜಿ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಸಿಟ್ಟಿದ್ದಾಳೆ.