ಆರ್ಯಭಟ ಮಾಡಿದವರು ಯಾರು?

‘ಆರ್ಯಭಟ ಉಪಗ್ರಹ ರಷ್ಯಾದವ್ರು ಮಾಡಿ ಕೊಟ್ಟದ್ರಿ. ನಮ್ಮವ್ರು ಹೆಸರಷ್ಟ ಇಟ್ಟಾರ.’ ನಿಡಗುಂದಿಯ ಚಹಾದಂಗಡಿಯಲ್ಲಿ ಬಾಹ್ಯಾಕಾಶದ ಮಾತೆದ್ದರೆ ಈ ತೀರ್ಪು ಬಂದೇ ಬರುತ್ತದೆ. ಹೇಳುವವರಿಗೆ ಒಳಗುಟ್ಟು ಬಲ್ಲವರ ಠೀವಿ ಬೇರೆ. ಅದು ಶ್ರೀಹರಿಕೋಟಾದಿಂದ ನಮ್ಮದೇ ರಾಕೆಟ್ ಏರಿ ಹೋಯಿತು ಎನ್ನುವ ಇನ್ನೊಂದು ಪಂಗಡವೂ ಇದೆ. ಇಬ್ಬರದೂ ತಪ್ಪು. ಆದರೆ ನನಗೆ ಸಿಟ್ಟು ಬರುವುದು ಮೊದಲನೆಯವರ ಮೇಲೆ. ಪಕ್ಕದ ಮನೆಯವರ ದುಡಿಮೆಯನ್ನು ಇಷ್ಟು ಸಲೀಸಾಗಿ ಪರದೇಶದವರ ಲೆಕ್ಕಕ್ಕೆ ಬರೆಯುತ್ತಾರಲ್ಲ!

ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಮುಂದೆ ನಿಂತು ಮಾಡಿಸಿದವರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ಇಸ್ರೊ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿ ಒಪ್ಪಂದ ಮಾಡಿಕೊಂಡದ್ದು 1972ರ ಮೇ ತಿಂಗಳಲ್ಲಿ. ಮೂರು ವರ್ಷ ತುಂಬುವುದರೊಳಗೆ 26 ಮುಖಗಳ, 360 ಕಿಲೊ ತೂಕದ ಉಪಗ್ರಹ ಸಿದ್ಧವಾಯಿತು. ರಷ್ಯಾದಿಂದ ಬಂದದ್ದು ಏನೂ ಇಲ್ಲವೇ? ಇದೆ. ಸೌರಕೋಶ, ಬ್ಯಾಟರಿ, ಉಷ್ಣತೆಯನ್ನು ಹಿಡಿತದಲ್ಲಿಡುವ ಬಣ್ಣ, ಟೇಪ್ ರೆಕಾರ್ಡರ್ ಅಲ್ಲಿನವು. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ವಿನ್ಯಾಸ, ಜೋಡಣೆ, ಪ್ರಯೋಗದ ಉಪಕರಣಗಳು ನಮ್ಮವು.

ರಾಕೆಟ್ ಮಾತ್ರ ಪೂರ್ತಿ ಸೋವಿಯತ್ತರದು. 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್ ನೆಲೆಯಿಂದ ಕಾಸ್ಮಾಸ್-3ಎಂ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ಅಷ್ಟು ಭಾರ ಹೊರುವ ರಾಕೆಟ್ ಆಗ ನಮ್ಮಲ್ಲಿ ಇರಲಿಲ್ಲ. ನಮ್ಮ ಎಸ್‌ಎಲ್‌ವಿ-3 ಪುಟ್ಟ ರೋಹಿಣಿಯನ್ನು ಕಕ್ಷೆಗೇರಿಸಿದ್ದೇ 1980ರ ಜುಲೈನಲ್ಲಿ. ನಿಮ್ಮ ಹೊಲದ ಉಳ್ಳಾಗಡ್ಡಿಯನ್ನು ಬಾಡಿಗೆ ಲಾರಿಯಲ್ಲಿ ಸೊಲ್ಲಾಪುರದ ಪೇಟೆಗೆ ಕಳಿಸಿದರೆ ಬೆಳೆ ಲಾರಿಯವನದಾಯಿತೇನು?

‘ಐದ ದಿನಕ್ಕ ಕೆಟ್ಟಿತ್ತಲ್ಲರಿ’ ಎಂಬುದು ಇದೇ ಜನರ ಮುಂದಿನ ಬಾಣ. ಕೆಟ್ಟದ್ದು ಪ್ರಯೋಗಗಳಿಗೆ ವಿದ್ಯುತ್ ಕೊಡುವ ಭಾಗ. ಉಪಗ್ರಹ ಆಮೇಲೂ ವರ್ಷಗಟ್ಟಲೆ ಸಂಕೇತ ಕಳಿಸಿತು, 1992ರಲ್ಲಿ ವಾತಾವರಣಕ್ಕಿಳಿದು ಉರಿದುಹೋಯಿತು. ಅದರಿಂದ ಕಲಿತವರೇ 1979ರಲ್ಲಿ ಭಾಸ್ಕರ ಮಾಡಿದರು. ಅದೂ ಹಾರಿದ್ದು ಕಪುಸ್ತಿನ್ ಯಾರ್‌ನಿಂದಲೇ. ಎರಡು ರೂಪಾಯಿ ನೋಟಿನ ಬೆನ್ನ ಮೇಲೆ ಆರ್ಯಭಟದ ಚಿತ್ರ ಇತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದವರೇ ಈಗ ಈ ಮಾತಾಡುತ್ತಾರೆ.

ಬಾಹ್ಯಾಕಾಶದ ಇಂಥ ಉಳಿದ ತಪ್ಪು ಮಾತುಗಳನ್ನು ಬೇಗ ಮುಗಿಸುತ್ತೇನೆ. ರಾಕೇಶ್ ಶರ್ಮಾ ಚಂದ್ರನ ಮೇಲೆ ಇಳಿದಿಲ್ಲ. 1984ರಲ್ಲಿ ಅವರು ಹೋದದ್ದು ಭೂಮಿಯನ್ನು ಸುತ್ತುತ್ತಿದ್ದ ಸಲ್ಯೂತ್-7 ನಿಲ್ದಾಣಕ್ಕೆ. ‘ಮೇಲೆ ದೇವರು ಕಾಣಲಿಲ್ಲ’ ಎಂಬ ಮಾತು ಗಗಾರಿನ್ ಹಾರಾಟದ ಸಂಭಾಷಣೆಯಲ್ಲೆಲ್ಲೂ ಇಲ್ಲ. ಬಾಹ್ಯಾಕಾಶದಲ್ಲಿ ಬರೆಯಲು ಅಮೆರಿಕದವರು ಕೋಟಿ ಸುರಿದು ಪೆನ್ನು ಮಾಡಿದರು, ರಷ್ಯಾದವರು ಪೆನ್ಸಿಲ್ ಒಯ್ದರು ಎಂಬುದು ವ್ಯಕ್ತಿತ್ವ ವಿಕಸನ ಶಿಬಿರಗಳ ಕಥೆ. ಪಾಲ್ ಫಿಶರ್ ಎಂಬ ಉದ್ಯಮಿ ಸ್ವಂತ ದುಡ್ಡಿನಲ್ಲಿ ಮಾಡಿದ ಆ ಪೆನ್ನನ್ನು 1969ರಲ್ಲಿ ಸೋವಿಯತ್ತರೂ ಕೊಂಡರು.

ಹಾಗೆಂದು ಸೋವಿಯತ್ ಸರ್ಕಾರ ಸತ್ಯಹರಿಶ್ಚಂದ್ರನೇನಲ್ಲ. ಗಗಾರಿನ್ ನೌಕೆಯಿಂದ ಹೊರಚಿಮ್ಮಿ ಬೇರೆ ಪ್ಯಾರಾಚೂಟಿನಲ್ಲಿ ಇಳಿದದ್ದನ್ನು ದಾಖಲೆ ಕೈತಪ್ಪೀತೆಂದು ಅದು ವರ್ಷಗಟ್ಟಲೆ ಮುಚ್ಚಿಟ್ಟಿತು. ಲೈಕಾ ಹಲವು ದಿನ ಬದುಕಿತ್ತೆಂದು ಜಗತ್ತನ್ನು ನಂಬಿಸಿತು. ಆ ನಾಯಿ ಕೆಲವೇ ಗಂಟೆಗಳಲ್ಲಿ ಸೆಕೆಗೆ ಸತ್ತಿತ್ತು.

ಆದರೆ ಅವರದು ಲೆಕ್ಕಾಚಾರದ ಸುಳ್ಳು. ನಮ್ಮದು ಬರೀ ಸೋಮಾರಿತನ. ಮಗ್ಗುಲಲ್ಲೇ ಆಲಮಟ್ಟಿ ಜಲಾಶಯ ಇಟ್ಟುಕೊಂಡು ‘ಕರೆಂಟ್ ತೆಗೆದ ನೀರಿನ್ಯಾಗ ಸತ್ವ ಇರಂಗಿಲ್ಲ’ ಎನ್ನುವವರಿದ್ದಾರೆ. ಟರ್ಬೈನ್ ನೀರಿನ ರಭಸವನ್ನಷ್ಟೇ ಬಳಸುತ್ತದೆ ಎಂದರೆ ನಗುತ್ತಾರೆ, ಅದೇ ಮಾತು ಮೊಬೈಲಿನಲ್ಲಿ ನಮಸ್ಕಾರದ ಚಿತ್ರದೊಂದಿಗೆ ಬಂದರೆ ನಂಬಿ ಹತ್ತು ಜನಕ್ಕೆ ಕಳಿಸುತ್ತಾರೆ.

ಶಾಲೆಗಳ ರಸಪ್ರಶ್ನೆ ನಡೆಸುವ ಗುರುಗಳಲ್ಲಿ ಒಂದೇ ವಿನಂತಿ. ಆರ್ಯಭಟ ಬೆಂಗಳೂರಿನಲ್ಲಿ ತಯಾರಾಯಿತು, ಸೋವಿಯತ್ ರಾಕೆಟ್ ಏರಿ ಹೋಯಿತು. ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಹೇಳಿಕೊಡಿ.