ಕಾವೇರಿಯ ಮಡುಗಳೂ ಬಿಳಿಮೀನೂ

ರಜೆಯಲ್ಲಿ ಊರಿಗೆ ಹೊರಡುವ ಹೋಟೆಲ್ ಹುಡುಗರು ಬಟ್ಟೆಬರೆಗಳೊಡನೆ ಗಾಳದ ದಾರವನ್ನೂ ಒಯ್ಯುವುದನ್ನು, ನಾವು ಗಲ್ಲೆಯ ಮೇಲೆ ಕುಳಿತಿದ್ದ ದಿನಗಳಿಂದಲೂ ಬಲ್ಲೆವು. ಬಂಗುಡೆ ಬೂತಾಯಿಗಳ ವಿಷಯವನ್ನು ಕರಾವಳಿಯವರಿಗೆ ನಾವು ಹೇಳಬೇಕಾದುದಿಲ್ಲ. ಆದರೆ ಸಿಹಿನೀರಿನ ಮೀನುಗಳ ರಾಜನೆನಿಸಿದ ಮಹಶೀರ್, ಎಂದರೆ ಕಾವೇರಿ ತೀರದವರ ಬಿಳಿಮೀನು, ಇಂದು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ವಾಚಕರಿಗೆ ಅರಿಕೆ ಮಾಡುವುದು ಅಗತ್ಯವೆನಿಸಿದೆ.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಮೇಕೆದಾಟಿನತ್ತ ಸಾಗುವ ಕಾಡುದಾರಿಯಲ್ಲಿ ದೊಡ್ಡಮಾಕಳಿ, ಭೀಮೇಶ್ವರಿ, ಗಾಲಿಬೋರೆ ಎಂಬ ತಾಣಗಳಿವೆ. ಬಂಡೆಗಳ ನಡುವೆ ರಭಸದಿಂದ ಹರಿದ ನೀರು ಆಳವಾದ ಮಡುವಾಗಿ ನಿಲ್ಲುವ ಎಡೆಯೇ ಬಿಳಿಮೀನಿನ ಬೀಡು. ಅದಕ್ಕೆ ಒಡ್ಡುತ್ತಿದ್ದ ಎರೆಯಾದರೂ ಯಾವುದು? ನಮ್ಮ ರಾಗಿಮುದ್ದೆಯೇ! ಗಟ್ಟಿಯಾಗಿ ಬೇಯಿಸಿದ ಮುದ್ದೆಯ ಉಂಡೆಯನ್ನು ಗಾಳಕ್ಕೆ ಮೆತ್ತಿ, ಬಂಡೆಯ ಮೇಲೋ ಹರಿಗೋಲಿನಲ್ಲೋ ಕುಳಿತು ಗಂಟೆಗಟ್ಟಲೆ ಕಾಯುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಆಳೊಬ್ಬನ ತೂಕವೆನ್ನಬೇಕು.

ಅಂತಹ ಮೀನು ಇಂದು ಅಳಿವಿನಂಚಿನಲ್ಲಿದೆ. ಸಿಡಿಮದ್ದು ಹಾಕಿ ಹಿಡಿಯುವವರು ಮರಿಗಳನ್ನೂ ಉಳಿಸಲಿಲ್ಲ. ಅಣೆಕಟ್ಟುಗಳು ಮೊಟ್ಟೆಯಿಡುವ ಹಾದಿಯನ್ನು ತಡೆದವು. ಇವುಗಳೊಡನೆ, ಉಪಕಾರವೆಂದು ಮಾಡಿದ ಒಂದು ಕೆಲಸವೂ ಕೇಡಾಗಿ ಪರಿಣಮಿಸಿತು. ಮುಂಬಯಿ ಪುಣೆಗಳ ನಡುವೆ ನಾವು ದಿನವೂ ರೈಲಿನಲ್ಲಿ ಹಾದುಹೋಗುವ ಲೋಣಾವಳದಲ್ಲಿ, 1970ರ ದಶಕದಿಂದ ಮಹಶೀರ್ ಮರಿಗಳನ್ನು ಬೆಳೆಸಲಾಗುತ್ತಿದೆ. ಅಲ್ಲಿಯ ನೀಲಿ ರೆಕ್ಕೆಯ ಜಾತಿಯ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ಪರಿಶೀಲಿಸಿದ ಶಾಸ್ತ್ರಜ್ಞರಿಗೆ ಕಂಡದ್ದಿಷ್ಟು: ಹೊರಗಿನ ಜಾತಿ ಹೆಚ್ಚಿತು, ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಜಾತಿ ಕುಗ್ಗಿತು. 2018ರಲ್ಲಿ ಇದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಮೀನು ಹಿಡಿದು, ತೂಗಿ, ಮರಳಿ ನೀರಿಗೆ ಬಿಡುತ್ತಿದ್ದ ಗಾಳಗಾರರ ಲೆಕ್ಕಪುಸ್ತಕವೇ ಸತ್ಯವನ್ನು ಹೊರಗೆಡವಿತೆಂಬುದು ಗಮನಿಸತಕ್ಕ ಮಾತು. ಜಮಾಖರ್ಚು ಬರೆಯುವ ನಮ್ಮ ಗುಮಾಸ್ತ ಮಿತ್ರರು ಇದರಿಂದ ಹೆಮ್ಮೆಪಡಬಹುದು!

ಕಾವೇರಿ ವನ್ಯಜೀವಿಧಾಮದೊಳಗಿನ ಈ ಮಡುಗಳಲ್ಲಿ ಈಗ ಗಾಳ ಹಾಕುವಂತಿಲ್ಲ. ಆದರೆ ಕಾನೂನಿಗಿಂತ ಮೊದಲೇ ಭಕ್ತಿಯು ಕಾದ ಮಡುಗಳೂ ನಮ್ಮಲ್ಲಿವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ನೀರಿನಲ್ಲಿ, ಮಹಶೀರ್‌ಗಳು ಯಾತ್ರಿಕರ ಕೈಯಿಂದಲೇ ತಿನ್ನುತ್ತವೆ. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷವಿಕ್ಕಿದಾಗ ಸತ್ತ ಮೀನುಗಳಿಗಾಗಿ ಊರವರು ಸ್ಮಾರಕವನ್ನೇ ಕಟ್ಟಿದರು.

ಊರಿಗೆ ಹೋಗುವ ತರುಣರಲ್ಲಿ ನಮ್ಮ ವಿನಂತಿಯಿಷ್ಟೆ. ಕೆರೆಯಲ್ಲಾಗಲಿ ಹೊಳೆಯಲ್ಲಾಗಲಿ, ಅಪ್ಪಣೆಯಿರುವಲ್ಲಿ ಮಾತ್ರ ಗಾಳ ಹಾಕಿರಿ. ಸಿಡಿಮದ್ದಿನವರ ಜೊತೆ ಸೇರಬೇಡಿರಿ. ಬಿಳಿಮೀನು ಸಿಕ್ಕಿದರೆ ಕಣ್ತುಂಬ ನೋಡಿ ನೀರಿಗೆ ಬಿಟ್ಟುಬಿಡಿರಿ. ಮುಂದಿನ ರಜೆಗೆ ನಾವು ಮರಳುವಾಗ ಅದೂ ಅಲ್ಲಿರಬೇಕಷ್ಟೆ.